ಕೊಕ್ಕರೆ ರೋಗದ ವೈರಸ್, ಕ್ಯಾನ್ಸರ್ ಮತ್ತು ನಮ್ಮ ಹಿತ್ತಲ ಕೋಳಿ

ನಮಸ್ಕಾರ. ಕೋಳಿಗೆ ಬರೋ ಕೊಕ್ಕರೆ ರೋಗದ (ರಾಣಿಖೇತ್ ಅಂತಲೂ ಕರೀತಾರೆ) ವೈರಸ್ಸನ್ನ ತಿದ್ದಿ ಮನುಷ್ಯರ ಕ್ಯಾನ್ಸರ್‌ಗೆ ಕೊಟ್ಟು ನೋಡ್ತಿದ್ದಾರೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ: ಕೋಳಿ ರೋಗ ನಮಗೆ ಅಂಟಿಕೊಂಡ್ರೆ? ನನ್ನ ಭಯ ಬೇರೆ. ರೋಗಿಯಿಂದ ಕೋಳಿಗೆ ಅಂಟಿದ್ರೆ?

ಮುಳಬಾಗಿಲು, ಶ್ರೀನಿವಾಸಪುರದ ಕಡೆ ನಾಟಿ ಕೋಳಿ ಸಾಕಿದವರಿಗೆ ಈ ರೋಗ ಬಿಡಿಸಿ ಹೇಳಬೇಕಿಲ್ಲ. ಹಸಿರು ಹಿಕ್ಕೆ, ಬಾಯಿ ತೆರೆದು ಏದುಸಿರು, ಆಮೇಲೆ ಕತ್ತು ತಿರುಚಿಕೊಂಡು ಸುತ್ತಿ ಸುತ್ತಿ ಬೀಳುತ್ತೆ. ಲಸಿಕೆ ಹಾಕಿಸದಿದ್ರೆ ನೋಡನೋಡ್ತಾ ಗೂಡೇ ಖಾಲಿ. ಸತ್ತ ಕೋಳಿಗಳನ್ನ ಕೈಯಲ್ಲೇ ಎತ್ತಿ ಹಾಕೋ ಹೆಣ್ಣುಮಕ್ಕಳಿಗೆ ಏನಾದ್ರೂ ಆದ್ರೆ, ಸಾಮಾನ್ಯವಾಗಿ ಕಣ್ಣು ಕೆಂಪಾಗಿ ನೀರು ಸುರಿಯುತ್ತೆ, ತಾನಾಗೇ ವಾಸಿಯಾಗುತ್ತೆ.

ಯಾಕೆ ಅಂದ್ರೆ, ವೈರಸ್ ಹೊಕ್ಕ ಕೂಡಲೇ ನಮ್ಮ ಜೀವಕೋಶ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ಅಕ್ಕಪಕ್ಕದ ಕೋಶಗಳನ್ನ ಎಚ್ಚರಿಸುತ್ತೆ. ಕೋಳಿಯಲ್ಲಿ ಅದನ್ನ ಅಡಗಿಸೋ ಶಕ್ತಿ ಈ ವೈರಸ್‌ಗೆ ಇದೆ, ಮನುಷ್ಯರಲ್ಲಿ ಅದರ ಆಟ ನಡೆಯಲ್ಲ. ಆದರೆ ಎಷ್ಟೋ ಕ್ಯಾನ್ಸರ್ ಕೋಶಗಳು ಎಚ್ಚರಿಸೋ ಈ ಗುಣವನ್ನೇ ಕಳ್ಕೊಂಡಿರ್ತವೆ. ಅಲ್ಲಿ ವೈರಸ್ ಬೆಳೆದು ಕೋಶವನ್ನ ಒಡೆಯುತ್ತೆ, ಒಡೆದ ಚೂರು ಕಂಡು ದೇಹದ ರೋಗನಿರೋಧಕ ಶಕ್ತಿಯೂ ಗಡ್ಡೆ ಮೇಲೆ ತಿರುಗಿ ಬೀಳುತ್ತೆ. ಎಂಥ ಚೆಂದದ ಯೋಚನೆ ನೋಡಿ!

ಲಸಿಕೆಗೂ ಇದು ಬಂದಿದೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಶೋಧಕರು ಇದೇ ವೈರಸ್‌ಗೆ ಕೊರೊನಾದ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನ್‌ನ ಜೀನ್ ಸೇರಿಸಿದರು. ಮೆಕ್ಸಿಕೊದಲ್ಲಿ ಪಶು ಔಷಧ ಮಾಡೋ ಕಂಪನಿ ಅದನ್ನ ಕೋಳಿಮೊಟ್ಟೆಯಲ್ಲಿ ಬೆಳೆಸಿ ‘ಪಾತ್ರಿಯಾ’ ಲಸಿಕೆ ಮಾಡಿತು, 2024ರಲ್ಲಿ ಒಪ್ಪಿಗೆಯೂ ಸಿಕ್ತು. ನಾವು ಹಾಕಿಸ್ಕೊಂಡ ಕೋವಿಶೀಲ್ಡ್ ಕೂಡ ಚಿಂಪಾಂಜಿ ವೈರಸ್ ತಿದ್ದಿ ಮಾಡಿದ್ದೇ.

ಕ್ಯಾನ್ಸರ್ ಮಾತು ಬೇರೆ. ಅಲ್ಲಿ ಜೀವಂತ ವೈರಸ್ಸನ್ನ ಕೋಟಿಗಟ್ಟಲೆ ಕೊಡ್ತಾರೆ, ಅದು ಗಡ್ಡೆಯಲ್ಲಿ ಬೆಳೀಲಿ ಅಂತ. ಪಿವಿ701 ಅನ್ನೋ ತಳಿಯನ್ನ 79 ರೋಗಿಗಳ ರಕ್ತನಾಳಕ್ಕೆ ಕೊಟ್ಟ ಪ್ರಯೋಗ 2002ರಲ್ಲಿ ವರದಿಯಾಯ್ತು. ಕೆಲವರ ಗಡ್ಡೆ ಕುಗ್ಗಿತು. ಆದರೆ ಇಂಥ ಪ್ರಯೋಗಗಳಲ್ಲಿ ರೋಗಿಗಳ ಮೂತ್ರ, ಕಫದಲ್ಲೂ ವೈರಸ್ ಸಿಕ್ಕಿದೆ. ಗಡ್ಡೆಯನ್ನ ಜೋರಾಗಿ ಒಡೆಯೋ ತಳಿಗಳು ಕೋಳಿಗೂ ಅಪಾಯವೇ. ಅದಕ್ಕೇ ಕೋಶದೊಳಗೆ ನುಗ್ಗೋಕೆ ವೈರಸ್ ಬಳಸೋ ಎಫ್ ಪ್ರೋಟೀನ್ ತಿದ್ದಿ ಕೋಳಿಗೆ ಸೌಮ್ಯವಾಗಿಸೋ ಕೆಲಸ ನಡೀತಿದೆ.

ಬೆಳಗಿನ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಸಂಜೆ ಊರಿಗೆ ವಾಪಸಾಗೋ ನಮ್ಮ ಕೋಲಾರದ ರೋಗಿಗಳನ್ನ ನೆನೆಸ್ಕೊಳ್ಳಿ. ಬಚ್ಚಲ ನೀರು ಹಿತ್ತಲಿಗೆ ಹರಿಯುತ್ತೆ, ಅಲ್ಲೇ ಕೋಳಿ ಕೆದಕ್ತಿರ್ತವೆ.

ಈ ಚಿಕಿತ್ಸೆ ಬೇಡ ಅಂತ ನಾನು ಖಂಡಿತ ಹೇಳ್ತಿಲ್ಲ, ನಮ್ಮ ಜನಕ್ಕೂ ಸಿಗಲೇಬೇಕು. ಇದಿನ್ನೂ ಪ್ರಯೋಗದ ಹಂತದಲ್ಲಿದೆ, ಈಗಲೇ ದುಡ್ಡು ಕೊಟ್ರೆ ವಾಸಿ ಮಾಡ್ತೀವಿ ಅನ್ನೋರನ್ನ ದಯವಿಟ್ಟು ನಂಬಬೇಡಿ. ನಾಳೆ ನಮ್ಮಲ್ಲಿ ಪ್ರಯೋಗ ಶುರುವಾದ್ರೆ, ಅನುಮತಿ ಕೊಡೋ ಸಮಿತಿಯಲ್ಲಿ ಕ್ಯಾನ್ಸರ್ ಡಾಕ್ಟರ ಜೊತೆ ಪಶುವೈದ್ಯರೂ ಕೂರಬೇಕು. ಎಷ್ಟು ದಿನ ಗೂಡಿನ ಹತ್ರ ಹೋಗಬಾರದು ಅನ್ನೋದು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಇರಬೇಕು. ರೋಗಿಯ ಊರಿನ ಕೋಳಿಗಳಿಗೆ ಮೊದಲೇ ಲಸಿಕೆ ಬಿದ್ದಿರಬೇಕು, ಅದರ ಖರ್ಚು ಪ್ರಯೋಗ ನಡೆಸೋರದ್ದು.