ವಿಳಾಸ ಮೊದಲು, ಮುಖಪುಟ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಪತ್ರಿಕೆಯ ಕಥೆ ಹೇಳುತ್ತೇನೆ. ಅಮೆರಿಕದ್ದು, ಹೆಸರು 'ದಿ ಸೋರ್ಸ್'. ಹಿಪ್‌ಹಾಪ್ ಸಂಗೀತದ ಪತ್ರಿಕೆ. ಹಿಪ್‌ಹಾಪ್ ಅಂದ ಕೂಡಲೇ ಹಿರಿಯರು ದಯವಿಟ್ಟು ಸ್ಟೇಷನ್ ಬದಲಿಸಬೇಡಿ. ನಿಮ್ಮ ಮನೆಯ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಲೆ ಆಡಿಸುತ್ತಾ ಕನ್ನಡ ರ‍್ಯಾಪ್ ಕೇಳುತ್ತಾನಲ್ಲ, ಅದರ ಬೇರು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಕಡೆ ಇದೆ. 1973ರಲ್ಲಿ ಅಲ್ಲಿನ ಒಂದು ವಸತಿ ಕಟ್ಟಡದಲ್ಲಿ ನಡೆದ ಪಾರ್ಟಿಯಿಂದ ಇದು ಶುರುವಾಯಿತು ಎನ್ನುತ್ತಾರೆ. ಕೂಲ್ ಹರ್ಕ್ ಎಂಬ ಹುಡುಗ ಹಾಡಿನಲ್ಲಿ ಬರೀ ತಾಳ ಇರುವ ತುಣುಕನ್ನು ಹಿಡಿದು ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದ. ಕುಣಿಯುವವರಿಗೆ ಬೇಕಿದ್ದದ್ದು ಅದೇ. ಆ ತಾಳದ ಮೇಲೆ ಮಾತು ಬಂದು ಕೂತಿತು.

ನಾನು ಪುಟ ಕಟ್ಟುವವನು. ಈ ಕೆಲಸ ಕಲಿಸುವವನೂ ಹೌದು. ಪತ್ರಿಕೆ ಮಾಡುತ್ತೇವೆ ಅಂತ ಹುಡುಗರು ಬರುತ್ತಾರೆ. ಮೊದಲು ತೋರಿಸುವುದು ಮುಖಪುಟ. ಆಮೇಲೆ ಅಕ್ಷರದ ಶೈಲಿ, ಬಣ್ಣ. ಯಾರಪ್ಪಾ ಓದುವವರು ಅಂತ ಕೇಳಿದರೆ "ಎಲ್ಲರೂ ಸಾರ್" ಎನ್ನುತ್ತಾರೆ. ನನಗೆ ಆಗ ತಾಳ್ಮೆ ಉಳಿಯುವುದಿಲ್ಲ. ಎಲ್ಲರೂ ಅನ್ನುವವರ ಮನೆ ಎಲ್ಲಿದೆ? ಪತ್ರಿಕೆಯನ್ನು ಯಾವ ವಿಳಾಸಕ್ಕೆ ಕಳಿಸುತ್ತೀರಿ? ಓದುಗ ಯಾರು ಅಂತ ಮೊದಲು ಗೊತ್ತಿರಬೇಕು. ಬಣ್ಣ, ಅಕ್ಷರ ಎಲ್ಲಾ ಆಮೇಲೆ.

'ದಿ ಸೋರ್ಸ್' ಹುಟ್ಟಿದ್ದು 1988ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಮೇಸ್ ಮತ್ತು ಜಾನ್ ಶೆಕ್ಟರ್, ಅದನ್ನು ಶುರು ಮಾಡಿದರು. ಮೇಸ್ ವಿಶ್ವವಿದ್ಯಾಲಯದ ರೇಡಿಯೊದಲ್ಲಿ ರ‍್ಯಾಪ್ ಕಾರ್ಯಕ್ರಮ ನಡೆಸುತ್ತಿದ್ದರು. ಕೇಳುಗರ ಹೆಸರು, ವಿಳಾಸ ಅವರ ಹತ್ತಿರ ಇದ್ದವು. ಒಂದೇ ಒಂದು ಹಾಳೆಯ ಸುದ್ದಿಪತ್ರ ಮಾಡಿ ಆ ವಿಳಾಸಗಳಿಗೆ ಕಳಿಸಿದರು. ಅಷ್ಟೇ. ಗಮನಿಸಿ, ಪತ್ರಿಕೆಗಿಂತ ಮೊದಲು ಓದುಗರಿದ್ದರು. ಅವರು ನಿಮ್ಮ ಹಾಗೆ ರೇಡಿಯೊ ಮುಂದೆ ಕೂತಿದ್ದ ಜನ. 1990ರಲ್ಲಿ ಪತ್ರಿಕೆ ನ್ಯೂಯಾರ್ಕಿಗೆ ಹೋಯಿತು, ಬೆಳೆಯಿತು. ಆದರೂ ಮಾತಾಡುತ್ತಿದ್ದದ್ದು ಅದೇ ಕೇಳುಗನ ಜೊತೆ.

ಈಗ ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ.

ಪತ್ರಿಕೆಯಲ್ಲಿ 'ಅನ್‌ಸೈನ್ಡ್ ಹೈಪ್' ಅಂತ ಒಂದು ಅಂಕಣ ಇತ್ತು. ಯಾವ ಕಂಪನಿಯೂ ಇನ್ನೂ ಕರೆಯದ ಹೊಸ ಹಾಡುಗಾರರಿಗೆ ಮೀಸಲಾದ ಜಾಗ. ನೋಡಿಕೊಳ್ಳುತ್ತಿದ್ದವರು ಮ್ಯಾಟಿ ಸಿ ಎಂಬ ಬರಹಗಾರ. ಹುಡುಗರು ಕ್ಯಾಸೆಟ್ ಕಳಿಸುತ್ತಿದ್ದರು, ಅವರು ಕೇಳುತ್ತಿದ್ದರು. ಇತ್ತ ನ್ಯೂಯಾರ್ಕಿನದೇ ಬ್ರೂಕ್ಲಿನ್‌ನಲ್ಲಿ ಕ್ರಿಸ್ಟೋಫರ್ ವಾಲೇಸ್ ಅಂತ ಒಬ್ಬ ಹುಡುಗ. ದಪ್ಪ ಮೈ, ಭಾರವಾದ ದನಿ. ಓಣಿಯ ಗೆಳೆಯರ ಜೊತೆ ಸೇರಿ ಒಂದು ಕ್ಯಾಸೆಟ್ ಮಾಡಿದ್ದ. ಅದು ಕೈಯಿಂದ ಕೈಗೆ ಹೋಗಿ ಮಿಸ್ಟರ್ ಸೀ ಎಂಬ ಡಿಜೆಗೆ ಸಿಕ್ಕಿತು. ಆತ ಅದನ್ನು ಮ್ಯಾಟಿ ಸಿಗೆ ಮುಟ್ಟಿಸಿದ. 1992ರ ಮಾರ್ಚ್ ಸಂಚಿಕೆಯಲ್ಲಿ ಆ ಹುಡುಗನ ಬಗ್ಗೆ ಬಂತು.

ಅದೇ ಹೊತ್ತಿಗೆ ಅಪ್‌ಟೌನ್ ರೆಕಾರ್ಡ್ಸ್ ಕಂಪನಿಯಲ್ಲಿದ್ದ ಶಾನ್ ಕೋಂಬ್ಸ್ ಎಂಬ ಯುವಕ ಹೊಸ ದನಿಗಳನ್ನು ಹುಡುಕುತ್ತಿದ್ದ. ಕೇಳಿದ್ದು ಯಾರನ್ನು? ಮ್ಯಾಟಿ ಸಿಯನ್ನೇ. ಕ್ಯಾಸೆಟ್ ಕೇಳಿದ, ಹುಡುಗನನ್ನು ಕರೆಸಿದ. 1994ರ ಸೆಪ್ಟೆಂಬರಿನಲ್ಲಿ ಅವನ ಮೊದಲ ಆಲ್ಬಂ ಬಂತು. ಲೋಕ ಅವನನ್ನು ನೊಟೋರಿಯಸ್ ಬಿ.ಐ.ಜಿ. ಎಂದು ಕರೆಯಿತು.

ಇನ್ನೊಂದು ವಿಷಯ ಕೇಳಿ. ಆ ಆಲ್ಬಂನ ಒಂದು ಹಾಡಿನಲ್ಲಿ ಅವನು ತನ್ನ ಹಳೆಯ ದಿನಗಳನ್ನು ನೆನೆಯುತ್ತಾನೆ. 'ವರ್ಡ್ ಅಪ್' ಎಂಬ ಪತ್ರಿಕೆ ಓದುತ್ತಿದ್ದೆ, ಗೋಡೆಗೆ ಚಿತ್ರ ಅಂಟಿಸಿಕೊಳ್ಳುತ್ತಿದ್ದೆ ಅಂತ. ಗೋಡೆಗೆ ಚಿತ್ರ ಅಂಟಿಸಿದ ಓದುಗನೇ ಮುಂದೆ ಪತ್ರಿಕೆಯ ಪುಟದೊಳಗೆ ಬಂದ! ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಕ್ಯಾಸೆಟ್ ಕಳಿಸುವ ಹುಡುಗನೂ 'ದಿ ಸೋರ್ಸ್' ಓದುವವನೇ ಅಂತ ಮ್ಯಾಟಿ ಸಿಗೆ ಗೊತ್ತಿದ್ದಿರಬೇಕು. ಓದುಗ ಯಾರು ಅಂತ ಗೊತ್ತಿದ್ದರೆ ಇಂಥ ಅಂಕಣ ತಾನಾಗಿ ಹುಟ್ಟುತ್ತದೆ. 1998ರಲ್ಲಿ ಎಮಿನೆಮ್ ಎಂಬ ರ‍್ಯಾಪ್ ಹಾಡುಗಾರ ಕೂಡ ಇದೇ ಅಂಕಣದಲ್ಲಿ ಬಂದರು.

ಸಮಯ ಓಡುತ್ತಿದೆ. ವಿನ್ಯಾಸದ ಮಾತಿಗೆ ಬರುತ್ತೇನೆ.

ಹೊಸ ಆಲ್ಬಂಗಳಿಗೆ ಈ ಪತ್ರಿಕೆ ನಕ್ಷತ್ರ ಕೊಡುತ್ತಿರಲಿಲ್ಲ, ಮೈಕ್ ಕೊಡುತ್ತಿತ್ತು. ಪುಟ್ಟ ಪುಟ್ಟ ಮೈಕಿನ ಚಿತ್ರಗಳು, ಸಾಲಾಗಿ. ಜಾಸ್ತಿ ಅಂದರೆ ಐದು. ಐದು ಸಿಗುವುದು ಅಪರೂಪ. 1994ರಲ್ಲಿ ನಾಸ್ ಎಂಬ ಹೊಸ ಹುಡುಗನ ಮೊದಲ ಆಲ್ಬಂಗೇ ಐದು ಮೈಕ್ ಸಿಕ್ಕಾಗ ದೊಡ್ಡ ಚರ್ಚೆಯಾಯಿತು. ಓದು ಬಾರದ ಮಗುವಿಗೂ ಆ ಚಿತ್ರ ನೋಡಿದರೆ ಇದು ಹಾಡಿನ ಪತ್ರಿಕೆ ಅಂತ ಗೊತ್ತಾಗುತ್ತದೆ, ಅಲ್ವಾ? ವಿನ್ಯಾಸ ಅಂದರೆ ಇದು.

1993ರಲ್ಲಿ ಶುರುವಾದ 'ವೈಬ್' ಎಂಬ ಇನ್ನೊಂದು ಸಂಗೀತ ಪತ್ರಿಕೆ ಬೇರೆ ದಾರಿ ಹಿಡಿಯಿತು. ನುಣುಪು ಕಾಗದ, ದೊಡ್ಡ ದೊಡ್ಡ ಫೋಟೊ, ಉಡುಗೆ ತೊಡುಗೆ. ಅದರ ಓದುಗ ಬೇರೆ, ಹಾಗಾಗಿ ಅದರ ಪುಟವೂ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ನೆ ನೋಡಿದರೆ ಸಾಕು, ನಾನು ಹೇಳಬೇಕಾದ್ದೇ ಇಲ್ಲ.

ಕಹಿ ಪ್ರಸಂಗವೂ ಒಂದಿದೆ. 1994ರಲ್ಲೇ ಮೇಸ್ ತಮಗೆ ಬೇಕಾದ ಒಂದು ತಂಡದ ಬಗ್ಗೆ ಸಂಪಾದಕರಿಗೆ ಹೇಳದೆ ಲೇಖನ ಸೇರಿಸಿದರು. ಶೆಕ್ಟರ್ ಸೇರಿದಂತೆ ಹಲವರು ಪತ್ರಿಕೆ ಬಿಟ್ಟು ಹೊರನಡೆದರು. ಓದುಗನನ್ನು ಬದಿಗಿಟ್ಟು ಪುಟ ತುಂಬಿದರೆ ಹೀಗೇ ಆಗುವುದು.

ಕೊನೆಗೆ ಒಂದು ಪುಟದ ಮಾತು. ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ನನಗೆ 'ದಿ ಸೋರ್ಸ್'ನ ಒಂದು ಸಂಚಿಕೆ ಸಿಕ್ಕಿತು. ಮೂಲೆಗಳು ಸುರುಳಿ ಸುತ್ತಿದ್ದವು, ಪಿನ್ನು ತುಕ್ಕು ಹಿಡಿದಿತ್ತು. ಅದರಲ್ಲಿ 'ಹಿಪ್‌ಹಾಪ್ ಕೋಟಬಲ್' ಎಂಬ ಪುಟ. ಆ ತಿಂಗಳ ಒಳ್ಳೆಯ ಪದ್ಯವೊಂದನ್ನು ಒಂದು ಸಾಲೂ ಬಿಡದೆ ಅಚ್ಚು ಹಾಕುತ್ತಿದ್ದರು, ಕವಿತೆ ಹಾಕುವ ಹಾಗೆ. ವೇಗವಾಗಿ ಹೇಳುವ ಹಾಡು ನೋಡಿ, ಕಿವಿಗೆ ಒಮ್ಮೆಲೇ ದಕ್ಕುವುದಿಲ್ಲ. ಕಾಗದದ ಮೇಲೆ ನಿಧಾನವಾಗಿ ಓದಬಹುದು. ನನಗಿಂತ ಮೊದಲು ಅದನ್ನು ಓದಿದ ಯಾರೋ ಪ್ರಾಸ ಬರುವ ಪದಗಳಿಗೆಲ್ಲ ನೀಲಿ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಪಕ್ಕದ ಖಾಲಿ ಜಾಗದಲ್ಲಿ ತಮ್ಮದೇ ಎರಡು ಸಾಲು ಕನ್ನಡದಲ್ಲಿ ಬರೆದು, ಒಂದನ್ನು ಹೊಡೆದು ಹಾಕಿದ್ದರು.

ನಮಸ್ಕಾರ.