ಜಪಾನೀ ಕಲಿಕೆಯ ಮೊದಲ ಹೆಜ್ಜೆಗಳು: ‘ಎಲ್ಲಕ್ಕಿಂತ’ ಅನ್ನೋದನ್ನ ಹೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಎನ್5, ಅಂದರೆ ಜಪಾನಿ ಭಾಷೆಯ ಮೊದಲ ಹಂತದ ಪರೀಕ್ಷೆಗೆ ಓದುತ್ತಿದ್ದೀರಿ. ಇವತ್ತು ಒಂದೇ ವಿಷಯ ಹಿಡಿದುಕೊಳ್ಳೋಣ. ‘ಎಲ್ಲಕ್ಕಿಂತ ಎತ್ತರ’, ‘ಎಲ್ಲಕ್ಕಿಂತ ಜಾಸ್ತಿ ಇಷ್ಟ’ ಎನ್ನುವುದನ್ನು ಜಪಾನಿಯಲ್ಲಿ ಹೇಗೆ ಹೇಳುವುದು? ನೇರವಾಗಿ ಒಂದು ವಾಕ್ಯದಿಂದಲೇ ಶುರು ಮಾಡುತ್ತೇನೆ.

“ನಿಹೊನ್ ದೆ ಇಚಿಬನ್ ತಕಾಯ್ ಯಮ ವ ಫುಜಿಸನ್ ದೆಸ್.”

ಜಪಾನಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಫುಜಿ. ಅದರ ಎತ್ತರ 3776 ಮೀಟರ್. ಈಗ ಪದಗಳ ಸಾಲು ಗಮನಿಸಿ. ನಿಹೊನ್ ದೆ: ಜಪಾನಿನಲ್ಲಿ. ಇಚಿಬನ್: ಎಲ್ಲಕ್ಕಿಂತ. ತಕಾಯ್: ಎತ್ತರದ. ಯಮ ವ: ಬೆಟ್ಟ ಅಂದರೆ. ಫುಜಿಸನ್ ದೆಸ್: ಫುಜಿ. ಕನ್ನಡದ ಸಾಲೇ ಅಲ್ವಾ? ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ.

‘ಇಚಿ’ ಎಂದರೆ ಒಂದು, ‘ಬನ್’ ಎಂದರೆ ನಂಬರು. ಅದನ್ನು ‘ತಕಾಯ್’ ಮುಂದೆ ಇಟ್ಟರೆ ಕೆಲಸ ಮುಗಿಯಿತು. ‘ತಕಾಯ್’ ಸ್ವಲ್ಪವೂ ಬದಲಾಗುವುದಿಲ್ಲ. ಕನ್ನಡದಲ್ಲೂ ‘ಎತ್ತರ’ ಎತ್ತರವಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ಪದದ ಬಾಲವೇ ಬದಲಾಗುತ್ತದೆ. ನಮಗೆ ಸಿಗುವ ಪಾಠದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ವಿವರಿಸುತ್ತವೆ. ಹಾಗಾಗಿ ಕನ್ನಡದ ಹುಡುಗರೂ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿ, ಅದನ್ನು ತಿರುಗಿಸಿ ಜಪಾನಿ ಮಾಡುತ್ತಾರೆ. ಇದು ಸುಮ್ನೆ ಸುತ್ತುದಾರಿ. ಕನ್ನಡದಿಂದಲೇ ಹೋಗಿ, ಎಷ್ಟೋ ಹತ್ತಿರ. ಆದರೆ ಈ ಹತ್ತಿರದ ದಾರಿಯಲ್ಲೂ ಎರಡು ಕಡೆ ಎಡವುತ್ತೇವೆ. ಇವತ್ತಿನ ಸಮಯವೆಲ್ಲ ಹೆಚ್ಚುಕಡಿಮೆ ಆ ಎರಡಕ್ಕೇ.

ಮೊದಲನೆಯದು ನಮ್ಮ ‘ಅಲ್ಲಿ’ ಪ್ರತ್ಯಯ. “ಫುಜಿ ಜಪಾನಿನಲ್ಲಿ ಇದೆ” ಅನ್ನುತ್ತೇವೆ. “ಜಪಾನಿನಲ್ಲಿ ಎಲ್ಲಕ್ಕಿಂತ ಎತ್ತರ ಫುಜಿ” ಅಂತಲೂ ಅನ್ನುತ್ತೇವೆ. ಎರಡು ಕಡೆಯೂ ಒಂದೇ ‘ಅಲ್ಲಿ’. ಜಪಾನಿಯಲ್ಲಿ ಇವು ಬೇರೆ ಬೇರೆ. ಒಂದು ವಸ್ತು ಎಲ್ಲಿದೆ ಎಂದು ಹೇಳುವಾಗ ‘ನಿ’ ಬೇಕು: “ಫುಜಿಸನ್ ವ ನಿಹೊನ್ ನಿ ಅರಿಮಸ್.” ಎಷ್ಟರೊಳಗೆ ಹೋಲಿಸುತ್ತಿದ್ದೇವೆ ಎಂದು ಗಡಿ ಹಾಕುವಾಗ ‘ದೆ’ ಬೇಕು: “ನಿಹೊನ್ ದೆ ಇಚಿಬನ್...” ಕನ್ನಡದವರು ಇಲ್ಲಿ ‘ನಿ’ ಹಾಕಿಬಿಡುವುದು ಸಹಜ, ನಮ್ಮ ಕಿವಿಗೆ ಎರಡೂ ಒಂದೇ. ಅದಕ್ಕೇ ‘ದೆ’ ಮತ್ತು ‘ಇಚಿಬನ್’ ಎರಡನ್ನೂ ಜೋಡಿಯಾಗಿ ಬಾಯಿಗೆ ರೂಢಿ ಮಾಡಿಸಿ. ಸೆಕಾಯ್ ದೆ ಇಚಿಬನ್, ಜಗತ್ತಿನಲ್ಲಿ ಎಲ್ಲಕ್ಕಿಂತ. ಕುರಸು ದೆ ಇಚಿಬನ್, ತರಗತಿಯಲ್ಲಿ ಎಲ್ಲರಿಗಿಂತ. ಇಚಿನೆನ್ ದೆ ಇಚಿಬನ್, ವರ್ಷದಲ್ಲಿ ಎಲ್ಲಕ್ಕಿಂತ. ಗಡಿ ಅನ್ನುವುದು ಊರು, ದೇಶವೇ ಆಗಬೇಕಿಲ್ಲ, ಕಾಲವೂ ಆಗಬಹುದು, ಜನರ ಗುಂಪೂ ಆಗಬಹುದು.

ಹಣ್ಣು, ಆಟ, ತಿಂಡಿ ಇಂಥ ಬಗೆಗಳ ಮಾತು ಬಂದಾಗ ‘ದೆ’ ಮುಂಚೆ ‘ನೊ ನಕ’ ಸೇರಿಸಿ. “ಕುದಮೊನೊ ನೊ ನಕ ದೆ”, ಅಂದರೆ ಹಣ್ಣುಗಳ ಪೈಕಿ. ದೇಶ, ಊರುಗಳಿಗೆ ಸಾಮಾನ್ಯವಾಗಿ ಬರೀ ‘ದೆ’ ಸಾಕು.

ಎರಡನೆಯದು ಪ್ರಶ್ನೆ ಕೇಳುವ ಪದ. ನಮಗೆ ‘ಯಾವುದು’ ಒಂದಿದ್ದರೆ ಎಲ್ಲ ನಡೆಯುತ್ತದೆ. ಎರಡರಲ್ಲಿ ಯಾವುದು, ಹತ್ತರಲ್ಲಿ ಯಾವುದು, ಹಣ್ಣುಗಳಲ್ಲಿ ಯಾವುದು. ಜಪಾನಿಯಲ್ಲಿ ಇದು ಮೂರಾಗಿ ಒಡೆಯುತ್ತದೆ. ಎದುರಿಗೆ ಎರಡೇ ಇದ್ದರೆ ‘ದೊಚಿರ’. “ಇನು ತೊ ನೆಕೊ ತೊ ದೊಚಿರ ಗ ಸುಕಿ ದೆಸ್ ಕ?” ನಾಯಿ, ಬೆಕ್ಕು ಎರಡರಲ್ಲಿ ಯಾವುದು ಇಷ್ಟ? ಇದರಲ್ಲಿ ಇಚಿಬನ್ ಇಲ್ಲ, ನೋಡಿ. ಎರಡರ ನಡುವೆ ಇಚಿಬನ್ ಬಳಸುವುದಿಲ್ಲ. ಉತ್ತರ “ನೆಕೊ ನೊ ಹೋ ಗ ಸುಕಿ ದೆಸ್”, ಬೆಕ್ಕೇ ಹೆಚ್ಚು ಇಷ್ಟ. ಮೂರು ಅಥವಾ ಹೆಚ್ಚು ವಸ್ತುಗಳನ್ನು ಹೆಸರು ಹಿಡಿದು ಸಾಲಾಗಿ ಹೇಳಿದರೆ ‘ದೊರೆ’. “ರಿಂಗೊ ತೊ ಮಿಕನ್ ತೊ ಬುದೋ ನೊ ನಕ ದೆ, ದೊರೆ ಗ ಇಚಿಬನ್ ಸುಕಿ ದೆಸ್ ಕ?” ಸೇಬು, ಕಿತ್ತಳೆ, ದ್ರಾಕ್ಷಿ ಇವುಗಳಲ್ಲಿ ಯಾವುದು? ಹೆಸರು ಹೇಳದೆ ಇಡೀ ಬಗೆಯನ್ನೇ ಮುಂದಿಟ್ಟರೆ ‘ನನಿ’. “ಕುದಮೊನೊ ನೊ ನಕ ದೆ ನನಿ ಗ ಇಚಿಬನ್ ಸುಕಿ ದೆಸ್ ಕ?” ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಲು ಕೊಡುವವರಿಗೆ ಈ ಜಾಗ ಬಹಳ ಅನುಕೂಲ. ವಾಕ್ಯದ ಮೊದಲ ಅರ್ಧ ಓದಿ, ಎಣಿಸಿ, ಆಮೇಲೆ ಪದ ಆರಿಸಿ.

ಜನರಿಗೆ ‘ದರೆ’, ಜಾಗಕ್ಕೆ ‘ದೊಕೊ’, ಸಮಯಕ್ಕೆ ‘ಇತ್ಸು’. ಇವು ಕನ್ನಡದ ಯಾರು, ಎಲ್ಲಿ, ಯಾವಾಗ ಇದ್ದ ಹಾಗೇ, ಗೊಂದಲವಿಲ್ಲ.

ಪ್ರಶ್ನೆಪದ ಆದ ಮೇಲೆ ಬರುವ ಪ್ರತ್ಯಯ ‘ಗ’, ‘ವ’ ಅಲ್ಲ. ಉತ್ತರದಲ್ಲೂ ಅದೇ ಜಾಗಕ್ಕೆ ‘ಗ’: “ಮಿಕನ್ ಗ ಇಚಿಬನ್ ಸುಕಿ ದೆಸ್.” ಇಲ್ಲಿ ನಮಗೆ ದೊಡ್ಡ ಅನುಕೂಲ ಇದೆ. “ನನಗೆ ಕಿತ್ತಳೆ ಇಷ್ಟ” ಎನ್ನುವಾಗ ನಾವು ‘ಕಿತ್ತಳೆಯನ್ನು’ ಅನ್ನುವುದಿಲ್ಲ. ಜಪಾನಿಯೂ ಅಷ್ಟೇ, ನಮ್ಮ ‘ಅನ್ನು’ ಥರದ ‘ಒ’ ಹಾಕುವುದಿಲ್ಲ. ಇಂಗ್ಲಿಷಿನ ಮೂಲಕ ಬಂದವರು ತಡಕಾಡುವ ಈ ಜಾಗವನ್ನು ನಾವು ಸಲೀಸಾಗಿ ದಾಟಬಹುದು.

‘ಸುಕಿ’ ನಾಮಪದದ ಮುಂದೆ ನಿಂತಾಗ ಮಾತ್ರ ‘ನ’ ಬೇಕು: ಇಚಿಬನ್ ಸುಕಿ ನ ತಬೆಮೊನೊ, ಎಲ್ಲಕ್ಕಿಂತ ಇಷ್ಟದ ತಿನಿಸು. ‘ತಕಾಯ್’ ಥರದ ಪದಗಳಿಗೆ ಅದು ಬೇಡ.

ಅಭ್ಯಾಸಕ್ಕೆ ಸುಳ್ಳು ವಾಕ್ಯ ಕಟ್ಟಬೇಡಿ. ನಿಜವಾದ ಸಂಗತಿ ಹೇಳಿ, ಭಾಷೆಯ ಜೊತೆ ದೇಶವೂ ಪರಿಚಯವಾಗುತ್ತದೆ. ಜಪಾನಿನ ಎಲ್ಲಕ್ಕಿಂತ ಉದ್ದದ ನದಿ ಶಿನಾನೊ, 367 ಕಿಲೋಮೀಟರ್: “ಇಚಿಬನ್ ನಗಾಯ್ ಕವ.” ಎಲ್ಲಕ್ಕಿಂತ ದೊಡ್ಡ ಕೆರೆ ಶಿಗಾ ಪ್ರಾಂತ್ಯದ ಬಿವಾ: “ಇಚಿಬನ್ ಓಕೀ ಮಿಜುಉಮಿ.” ಎಲ್ಲಕ್ಕಿಂತ ಎತ್ತರದ ಗೋಪುರ 2012ರಲ್ಲಿ ತೆರೆದ ಟೋಕಿಯೋ ಸ್ಕೈಟ್ರೀ, 634 ಮೀಟರ್. ಆರು, ಮೂರು, ನಾಲ್ಕನ್ನು ‘ಮು-ಸ-ಶಿ’ ಎಂದು ಓದಬಹುದು. ಮುಸಾಶಿ ಆ ಸೀಮೆಯ ಹಳೇ ಹೆಸರು. ಎತ್ತರವನ್ನೇ ಆ ಲೆಕ್ಕದಲ್ಲಿ ಇಟ್ಟರು ಎನ್ನುವುದು ನನಗೆ ಬಹಳ ಮೆಚ್ಚಿನ ವಿಷಯ. ನಮ್ಮ ಕಡೆಯದೂ ಹೇಳಿ: “ಕರ್ನಾಟಕ ದೆ ಇಚಿಬನ್ ತಕಾಯ್ ಯಮ ವ ಮುಳ್ಳಯ್ಯನಗಿರಿ ದೆಸ್.”

ಎರಡನೇ ಸ್ಥಾನ ಹೇಳಲು ಸ್ವಲ್ಪ ಬದಲಾವಣೆ ಇದೆ. “ನಿಹೊನ್ ದೆ ನಿಬನ್ಮೆ ನಿ ತಕಾಯ್ ಯಮ ವ ಕಿತದಕೆ ದೆಸ್.” ಕಿತದಕೆ 3193 ಮೀಟರ್. ‘ನಿಬನ್’ ಜೊತೆ ‘ಮೆ’, ಆಮೇಲೆ ‘ನಿ’. ಇಚಿಬನ್‌ಗೆ ಇವೆರಡೂ ಬೇಡ. ಸುದ್ದಿಯಲ್ಲಿ, ಬರಹದಲ್ಲಿ ಇಚಿಬನ್ ಬದಲು ‘ಮೊತ್ತೊಮೊ’ ಕಾಣುತ್ತದೆ. ಈಗ ಗುರುತು ಹಿಡಿದರೆ ಸಾಕು, ಮಾತಿಗೆ ಇಚಿಬನ್ನೇ ಚೆಂದ.

ಈಗ ನಿಮ್ಮ ಪಕ್ಕದವರ ಕಡೆ ತಿರುಗಿ ಅವರ ಮನೆಯವರ ಬಗ್ಗೆ ಕೇಳಿ. ಬೇರೆಯವರ ಮನೆಯವರಾದ್ದರಿಂದ ಗೌರವದ ‘ಗೊ’ ಸೇರಿಸಿ: “ಗೊಕಜೊಕು ದೆ ದರೆ ಗ ಇಚಿಬನ್ ಸೆ ಗ ತಕಾಯ್ ದೆಸ್ ಕ?” ಮನೆಯಲ್ಲಿ ಯಾರು ಎಲ್ಲರಿಗಿಂತ ಎತ್ತರ? ‘ಸೆ’ ಎಂದರೆ ಆಳಿನ ಎತ್ತರ. ಉತ್ತರದಲ್ಲಿ ‘ಗ’ ಬಂತಾ ಅಂತ ಕಿವಿಗೊಟ್ಟು ಕೇಳಿಸಿಕೊಳ್ಳಿ.