ಶೆಲ್ಫ್ ಕುಂಟಬಾರದು ಎಂದರೆ: ಪ್ಲೈವುಡ್ ಹಲಗೆಯಲ್ಲಿ ಸರಿಯಾದ ತೂತು

ಕೇಳುಗರಿಗೆ ನಮಸ್ಕಾರ.

ಮನೆಯಲ್ಲೇ ಪ್ಲೈವುಡ್ ಕಪಾಟು ಮಾಡಿಕೊಂಡವರು ಹೇಳುವ ತೊಂದರೆ ಒಂದಿದೆ. ಶೆಲ್ಫಿನ ಮೂಲೆಯಲ್ಲಿ ಡಬ್ಬಿ ಇಟ್ಟರೆ ಟಕ್ ಎಂದು ಆ ಮೂಲೆ ಕೆಳಗಿಳಿಯುತ್ತದೆ, ಡಬ್ಬಿ ತೆಗೆದರೆ ಮೇಲೇಳುತ್ತದೆ. ಹಲಗೆಯೇ ಸೊಟ್ಟಗಿದೆ ಎಂದುಕೊಂಡು ಶೆಲ್ಫನ್ನು ಬದಲಾಯಿಸುವವರೂ ಇದ್ದಾರೆ. ಎಷ್ಟೋ ಸಲ ತಪ್ಪು ಶೆಲ್ಫಿನದಲ್ಲ. ಅದನ್ನು ಹೊತ್ತಿರುವ ನಾಲ್ಕು ಪಿನ್ನುಗಳಲ್ಲಿ ಒಂದು, ಮಿಕ್ಕ ಮೂರಕ್ಕಿಂತ ಒಂದು ಮಿಲಿಮೀಟರಿನಷ್ಟು ಕೆಳಗೆ ಕೂತಿರುತ್ತದೆ, ಅಷ್ಟೇ.

ಈ ಪಿನ್ನುಗಳು ಕೂರುವುದು ಕಪಾಟಿನ ಪಕ್ಕದ ಹಲಗೆಗಳಲ್ಲಿ ಸಾಲಾಗಿ ಕೊರೆದ ತೂತುಗಳಲ್ಲಿ. ತಪ್ಪು ಶುರುವಾಗುವುದು ಅಲ್ಲಿ ಅಳತೆಯ ಟೇಪು ಹಿಡಿಯುವ ರೀತಿಯಲ್ಲಿ. ಮೊದಲ ತೂತಿನಿಂದ 32 ಮಿಲಿಮೀಟರ್ ಅಳೆದು ಎರಡನೆಯದು, ಎರಡನೆಯದರಿಂದ 32 ಅಳೆದು ಮೂರನೆಯದು, ಹೀಗೆ ಗುರುತು ಹಾಕುತ್ತಾ ಹೋದರೆ ಪ್ರತಿ ಸಲದ ಅರ್ಧ ಮಿಲಿಮೀಟರ್ ತಪ್ಪು ಕೂಡುತ್ತಾ ಹೋಗುತ್ತದೆ. ಒಂದೇ ಕಡೆಗೆ ವಾಲಿದರೆ ಹತ್ತು ಸಲಕ್ಕೆ 5 ಮಿಲಿಮೀಟರ್. ಅಳೆಯಲೇಬೇಕೆಂದರೆ ಸ್ಟೀಲ್ ಸ್ಕೇಲನ್ನು ಒಂದು ಕಡೆ ಇಟ್ಟು, ಕದಲಿಸದೆ 32, 64, 96, 128 ಎಂದು ಒಂದೇ ತುದಿಯಿಂದ ಗುರುತು ಹಾಕಿ.

ಅದಕ್ಕಿಂತ ಒಳ್ಳೆಯ ದಾರಿ ಅಳೆಯದೇ ಇರುವುದು. 12 ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಲ್ಲಿ 74 ಮಿಲಿಮೀಟರ್ ಅಗಲದ ಒಂದು ಪಟ್ಟಿ ಕುಯ್ದುಕೊಳ್ಳಿ. ಅದರ ನಡುಗೆರೆಯ ಮೇಲೆ 32 ಮಿಲಿಮೀಟರಿಗೊಂದರಂತೆ 5 ಮಿಲಿಮೀಟರಿನ ತೂತುಗಳನ್ನು ಕೊರೆಯಿರಿ. ಇದೇ ನಿಮ್ಮ ಅಚ್ಚು. ಇದರ ಅಂಚನ್ನು ಕಪಾಟಿನ ಹಲಗೆಯ ಅಂಚಿಗೆ ಸರಿಸಮ ಇಟ್ಟರೆ ತೂತು ತಾನಾಗಿ 37 ಮಿಲಿಮೀಟರ್ ಒಳಗೆ ಬೀಳುತ್ತದೆ. ಮುಂದಿನ ಸಾಲು, ಹಿಂದಿನ ಸಾಲು, ಎಡ, ಬಲ ಎಲ್ಲಕ್ಕೂ ಇದೊಂದೇ ಪಟ್ಟಿ. ಒಂದು ತುದಿಗೆ 'ಕೆಳಗೆ' ಎಂದು ದಪ್ಪಕ್ಷರದಲ್ಲಿ ಬರೆದುಬಿಡಿ, ಆ ತುದಿ ಯಾವಾಗಲೂ ಹಲಗೆಯ ಕೆಳತುದಿಗೇ ಸೇರಬೇಕು. ಎರಡೂ ತುದಿಗಳನ್ನು ಮೂಲೆಮಟ್ಟ ಹಿಡಿದು ನೋಡಿ, ಓರೆಯಿದ್ದರೆ ಅಚ್ಚಿನ ಲಾಭವೇ ಹೋಯಿತು.

ಈ ಅಚ್ಚಿನ ಗುಣ ನೋಡಿ. ಅದರ ನಾಲ್ಕನೇ ತೂತು ಅರ್ಧ ಮಿಲಿಮೀಟರ್ ಮೇಲಾಗಿದ್ದರೆ ನಾಲ್ಕೂ ಮೂಲೆಯಲ್ಲಿ ಅಷ್ಟೇ ಮೇಲಾಗುತ್ತದೆ, ಶೆಲ್ಫ್ ಕುಂಟುವುದಿಲ್ಲ. ಆದರೂ 32 ಮತ್ತು 37ನ್ನು ಆದಷ್ಟು ಕರಾರುವಾಕ್ಕಾಗಿ ಇಡಿ, ಯಾಕೆಂದರೆ ಬಾಗಿಲಿನ ಹಿಂಜನ್ನು ಕಪಾಟಿನ ಹಲಗೆಗೆ ಹಿಡಿಸುವ ಪ್ಲೇಟಿನ ಎರಡು ಸ್ಕ್ರೂಗಳ ಅಂತರವೂ ಸಾಮಾನ್ಯವಾಗಿ 32 ಮಿಲಿಮೀಟರೇ.

ಅಚ್ಚನ್ನು ಎರಡು ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಮೊದಲ ತೂತು ಕೊರೆದ ತಕ್ಷಣ 5 ಮಿಲಿಮೀಟರಿನ ಹಳೆಯ ಬಿಟ್ಟಿನ, ಅಂದರೆ ಡ್ರಿಲ್ಲಿನ ಕೊರೆಯುವ ಕಡ್ಡಿಯ, ಹಿಂಬದಿಯನ್ನು ಅದರೊಳಗೆ ಇಳಿಸಿಬಿಡಿ. ಆಮೇಲೆ ಪಟ್ಟಿ ಜರುಗುವುದಿಲ್ಲ.

ಆಳ 10 ಮಿಲಿಮೀಟರ್ ಸಾಕು. ಇಲ್ಲಿ ಹಲವರು ಅಚ್ಚಿನ ದಪ್ಪವನ್ನು ಮರೆಯುತ್ತಾರೆ: 12 ಮತ್ತು 10 ಸೇರಿ ಬಿಟ್ 22 ಮಿಲಿಮೀಟರ್ ಹೊರಗಿರಬೇಕು. ಆಳದ ಗುರುತಿಗೆಂದು ಬಿಟ್ಟಿಗೆ ಸುತ್ತಿದ ಅಂಟು ಟೇಪು ಹೊಟ್ಟು ತಾಗಿ ಮೇಲೆ ಸರಿದುಹೋಗುತ್ತದೆ. ಒಂದು ಮರದ ತುಂಡಿಗೆ ಉದ್ದಕ್ಕೆ ತೂತು ಮಾಡಿ, ಬಿಟ್ಟಿಗೆ ಪೋಣಿಸಿ, ಬೇಕಾದಷ್ಟೇ ತುದಿ ಹೊರಗೆ ಉಳಿಯುವಂತೆ ಕತ್ತರಿಸಿ. ಅದು ಕದಲುವುದಿಲ್ಲ. ಇನ್ನು ಕಪಾಟಿನ ನಡುವಿನ ಹಲಗೆಯಲ್ಲಿ ಎರಡೂ ಕಡೆ ಶೆಲ್ಫ್ ಬರುವುದಿದ್ದರೆ ಎಚ್ಚರ. 18 ಮಿಲಿಮೀಟರ್ ಹಲಗೆಗೆ ಎರಡು ಕಡೆಯಿಂದ ಹತ್ತು ಹತ್ತು ಕೊರೆದರೆ ತೂತುಗಳು ಒಳಗೇ ಕೂಡಿಬಿಡುತ್ತವೆ. ಅಲ್ಲಿ 8ಕ್ಕೇ ನಿಲ್ಲಿಸಿ, ಪಿನ್ನೂ ಅಷ್ಟರೊಳಗೆ ಕೂರುತ್ತದೆಯೇ ಎಂದು ಮೊದಲು ನೋಡಿ.

ಮಿಷನ್ನಿನ ವಿಷಯಕ್ಕೆ ಬರೋಣ. ಮನೆಯಲ್ಲಿರುವುದು ಬಹುಪಾಲು ಗೋಡೆ ಕೊರೆಯುವ ಇಂಪ್ಯಾಕ್ಟ್ ಡ್ರಿಲ್. ಮೇಲಿನ ಗುಂಡಿ ಸುತ್ತಿಗೆ ಚಿತ್ರದ ಕಡೆಗಿದ್ದರೆ ಬಿಟ್ ಕುಟ್ಟುತ್ತಾ ಹೋಗಿ ಲ್ಯಾಮಿನೇಟನ್ನು ಒಡೆಯುತ್ತದೆ. ಅದನ್ನು ಬಿಟ್ಟಿನ ಚಿತ್ರದ ಕಡೆಗೆ ತಿರುಗಿಸಿ. ಗೋಡೆಯ ಬಿಟ್ ಮರವನ್ನು ಕತ್ತರಿಸುವುದಿಲ್ಲ, ಉಜ್ಜಿ ಸುಡುತ್ತದೆ. ಮರಕ್ಕೆ ನಡುವೆ ಚೂಪು ಮೊನೆಯಿರುವ ಬಿಟ್ಟೇ ಬೇಕು, ಮೊನೆ ಮೊದಲು ನಾಟಿಕೊಳ್ಳುವುದರಿಂದ ಬಿಟ್ ಪಕ್ಕಕ್ಕೆ ಜಾರುವುದಿಲ್ಲ. ಬಿಟ್ ಹಿಡಿಯುವ ಚಕ್ಕಿನ ಕೀಲಿಯನ್ನು ಅದರ ಮೂರೂ ತೂತುಗಳಲ್ಲಿ ಹಾಕಿ ಬಿಗಿಯಿರಿ. ಕೈಗವಸು ಬೇಡ, ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಕನ್ನಡಕ ಬೇಕೇ ಬೇಕು.

ಬಿಟ್ ನೆಟ್ಟಗಿದೆಯೇ ಎಂದು ತಿಳಿಯಲು ಹಲಗೆಯ ಮೇಲೆ, ಗುರುತಿನ ಪಕ್ಕ, ಒಂದು ಸಣ್ಣ ಕನ್ನಡಿ ಇಡಿ. ಬಿಟ್ಟೂ ಅದರ ಪ್ರತಿಬಿಂಬವೂ ಒಂದೇ ಗೆರೆಯಾಗಿ ಕಂಡರೆ ಸರಿ. ನಡುವೆ ಮುರಿದಂತೆ ಕಂಡರೆ ಓರೆ. ಎದುರಿನಿಂದಲೂ ಪಕ್ಕದಿಂದಲೂ ನೋಡಬೇಕು. ಎರಡು ಡಿಗ್ರಿ ಓರೆಯಾದರೂ 18 ಮಿಲಿಮೀಟರ್ ಆಚೆ ಬಿಟ್ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೊರಬರುತ್ತದೆ. ಆಚೆಗೂ ಹೋಗುವ ತೂತಾದರೆ ಹಿಂದೆ ಒಂದು ರದ್ದಿ ಹಲಗೆಯನ್ನು ಒತ್ತಿ ಕ್ಲ್ಯಾಂಪ್ ಮಾಡಿ, ಇಲ್ಲದಿದ್ದರೆ ಹೊರಬರುವಾಗ ಚಕ್ಕೆ ಎದ್ದೇ ಏಳುತ್ತದೆ.

ಬಾಗಿಲಿನ ಹಿಂಜಿನ ದುಂಡು ಭಾಗ ಕೂರಲು ಬೇಕಾದ 35 ಮಿಲಿಮೀಟರ್ ಬಟ್ಟಲು ತೂತು ಇದಕ್ಕಿಂತ ನಾಜೂಕು. ಅದರ ಮಧ್ಯಬಿಂದು ಬಾಗಿಲಿನ ಅಂಚಿನಿಂದ ಸಾಮಾನ್ಯವಾಗಿ 22.5 ಮಿಲಿಮೀಟರ್, ಅಂದರೆ ಅಂಚಿನಲ್ಲಿ 5 ಮಿಲಿಮೀಟರ್ ಮರ ಉಳಿಯುತ್ತದೆ. ಆಳ ಹನ್ನೆರಡೂವರೆಯ ಸುಮಾರು. ಆದರೆ ಬಿಟ್ಟಿನ ನಡುಮೊನೆ ಅದಕ್ಕಿಂತ ಮುಂದೆ ಹೋಗಿರುತ್ತದೆ. ನಿಮ್ಮ ಬಿಟ್ಟಿನ ಮೊನೆ ಎಷ್ಟು ಉದ್ದವಿದೆ ಎಂದು ಅಳೆದುಕೊಳ್ಳಿ. ತೆಳು ಹಲಗೆಯಾದರೆ ಬಾಗಿಲಿನ ಮುಂಭಾಗದಲ್ಲಿ, ಹೊಸ ಲ್ಯಾಮಿನೇಟಿನ ಮೇಲೆ, ಸಾಸಿವೆಯಷ್ಟು ಉಬ್ಬು ಏಳುತ್ತದೆ. ವೇಗ ಕಡಿಮೆ ಇರಲಿ, ನಡುನಡುವೆ ಬಿಟ್ ಎತ್ತಿ ಹೊಟ್ಟು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿದೆ ಅಥವಾ ವೇಗ ಹೆಚ್ಚಾಗಿದೆ. ಸ್ಕ್ರೂ ತೂತುಗಳನ್ನು ಅಳೆದು ಹಾಕಬೇಡಿ, ಅವುಗಳ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. ಹಿಂಜನ್ನೇ ಬಟ್ಟಲಲ್ಲಿ ಕೂರಿಸಿ, ಅದರ ತೋಳು ಬಾಗಿಲಿನ ಅಂಚಿಗೆ ನೆಟ್ಟಗಿದೆಯೇ ಎಂದು ಮೂಲೆಮಟ್ಟದಿಂದ ನೋಡಿ, ಆಮೇಲೆ ಗುರುತು ಹಾಕಿ. ಮೂರೂವರೆ ಮಿಲಿಮೀಟರ್ ಸ್ಕ್ರೂಗೆ ಮೊದಲು ಎರಡೂವರೆಯ ತೂತು.

ತೂತು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಬಿದ್ದರೆ ಅದರ ಮಗ್ಗುಲಲ್ಲೇ ಇನ್ನೊಂದು ಕೊರೆಯಲು ಹೋಗಬೇಡಿ, ಬಿಟ್ ಹಳೆಯ ತೂತಿಗೇ ಜಾರುತ್ತದೆ. ತಪ್ಪಿದ ತೂತನ್ನು 8 ಮಿಲಿಮೀಟರಿಗೆ ಹಿಗ್ಗಿಸಿ, ಅದೇ ಅಳತೆಯ ಮರದ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿಯಿರಿ. ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಸಮಕ್ಕೆ ಕತ್ತರಿಸಿ, ಅಚ್ಚು ಇಟ್ಟು ಮತ್ತೆ ಕೊರೆಯಿರಿ.

ನಮಸ್ಕಾರ.